ತಪ್ಪು ಸಿಟ್ಟಿನದಲ್ಲ

ಮನೆಯಿಂದ,
ಜೂನ್ ೪, ಬೆಳಗ್ಗೆ

ಪ್ರೀತಿಯ ತಮ್ಮಾ,

ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಗೆ ಪೆನ್ನು ಹಿಡಿಸಿದೆಯಲ್ಲ, ಸಂತೋಷವಾಯಿತೇ? ಫೋನ್ ಮಾಡಿದರೆ ಎರಡು ಮಾತಿಗೆ "ಅಕ್ಕಾ, ಗಾಡಿ ಓಡಿಸ್ತಿದೀನಿ" ಎಂದು ಇಟ್ಟುಬಿಡುತ್ತೀಯ. ರಜೆಯಲ್ಲೂ ಓಡಿಸುತ್ತೀಯ, ಸ್ನಾನದ ಮನೆಯಲ್ಲೂ ಓಡಿಸುತ್ತೀಯ. ಈ ಕಾಗದವನ್ನು ನಿನ್ನ ಹೆಂಡತಿ ಎದುರಿಗೆ ನಿಂತು ಓದಿಸುತ್ತಾಳೆ. ಅವಳಿಗೆ ಹೇಳಿಟ್ಟಿದ್ದೇನೆ.

ಮೊದಲು ಆರೋಗ್ಯ ವಿಚಾರಿಸಬೇಕಂತೆ. ವಿಚಾರಿಸುವುದೇನು, ಅವಳೇ ಹೇಳಿದಳು. ನಾಲ್ಕು ತುತ್ತಿಗೆ ಹೊಟ್ಟೆ ತುಂಬಿತು ಎನ್ನುತ್ತೀಯಂತೆ. ಬೆಲ್ಟಿಗೆ ಹೊಸದಾಗಿ ಎರಡು ತೂತು ಹೊಡೆಸಿದ್ದೀಯಂತೆ. ಆ್ಯಸಿಡ್ ಮಾತ್ರೆ ಸಾಲದೆ ಲಾರಿಯಲ್ಲಿ ಗೇರಿನ ಪಕ್ಕ ಬಿಳಿ ಔಷಧಿ ಬಾಟಲಿ ಇಟ್ಟುಕೊಂಡು ನೀರಿನ ಹಾಗೆ ಕುಡಿಯುತ್ತೀಯಂತೆ. ಕೇಳಿದರೆ "ನಮ್ಮ ಮನೆತನದ ಸಿಟ್ಟು ಕಣೇ, ಹೊಟ್ಟೆ ಸುಡದೆ ಇರುತ್ತಾ" ಎಂದು ನಗುತ್ತೀಯಂತೆ. ನಗು, ನಗು.

ಅದೇ ಮಾತನ್ನು ನಾನು ಹದಿನೆಂಟು ವರ್ಷ ಕೇಳಿದ್ದೇನೆ. ನಿನ್ನ ಭಾವ, ಪಕ್ಕದ ಮನೆಯವಳು, ಔಷಧಿ ಅಂಗಡಿಯವನು, ಹಳೇ ಡಾಕ್ಟರು, ಎಲ್ಲರದೂ ಒಂದೇ ರಾಗ. "ಕೋಪ ಕಡಿಮೆ ಮಾಡ್ಕೊಳ್ಳಿ, ಇಲ್ಲಾಂದ್ರೆ ಹುಣ್ಣು ತೂತಾಗುತ್ತೆ." ನಾನೂ ನಂಬಿದೆ. ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತವಳು ನಾನು. ಕೂದಲೆಳೆಯಷ್ಟು ವ್ಯತ್ಯಾಸ ಬರಲು ಬಿಟ್ಟವಳಲ್ಲ. ಒಂದು ದಿನ ಅಂಗಡಿ ಯಜಮಾನ ಆ ಯಂತ್ರವನ್ನು ತನ್ನ ಷಡ್ಡಕನಿಗೆ ಕೊಟ್ಟು, ನನ್ನನ್ನು ರಟ್ಟಿಗೆ ಅಂಟು ಬಳಿಯುವ ಮೇಜಿಗೆ ಕೂರಿಸಿದ. ಆ ಷಡ್ಡಕನಿಗೆ ಚಾಕುವಿನ ಬೆನ್ನು ಯಾವುದು, ಬಾಯಿ ಯಾವುದು ಎಂದು ಗೊತ್ತಿರಲಿಲ್ಲ. ಬಾಯಿಗೆ ಬಂದ ಮಾತನ್ನೆಲ್ಲ ನುಂಗಿದೆ, ಹೊಟ್ಟೆ ತೂತಾದೀತು ಎಂದು. ಹೊಟ್ಟೆ ಮಾತ್ರ ಸುಡುತ್ತಲೇ ಇತ್ತು.

ಹೋದ ವರ್ಷ ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ತಲೆ ತಿರುಗಿ ಕೂತುಬಿಟ್ಟೆ. ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಹುಣ್ಣು ಒಳಗೊಳಗೇ ರಕ್ತ ಸುರಿಸಿಕೊಂಡು ಕೂತಿತ್ತು. ಡಾಕ್ಟರಮ್ಮ ನನ್ನ ಮೊಮ್ಮಗಳ ವಯಸ್ಸಿನವಳು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಆಮೇಲೆ ಹೇಳಿದಳು: "ಅಜ್ಜಿ, ಇದು ಸಿಟ್ಟಿಂದ ಬಂದಿದ್ದಲ್ಲ. ಹೊಟ್ಟೆಯ ಒಳಪದರದಲ್ಲಿ ಒಂದು ಬ್ಯಾಕ್ಟೀರಿಯಾ ಸೇರ್ಕೊಂಡಿದೆ, ಹುಣ್ಣು ಮಾಡಿರೋದು ಅದೇ." ಹದಿನಾಲ್ಕು ದಿನ ಎರಡು ಹೊತ್ತು ಹಿಡಿ ತುಂಬ ಮಾತ್ರೆ. ಬಾಯಿಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ. ಐದನೇ ದಿನಕ್ಕೇ ನೋವು ಹೋಯಿತು, ಬಿಟ್ಟುಬಿಡೋಣ ಎಂದುಕೊಂಡೆ. "ಅರ್ಧಕ್ಕೆ ಬಿಟ್ರೆ ಅದು ಇನ್ನೂ ಮೊಂಡಾಗುತ್ತೆ" ಎಂದು ಆ ಹುಡುಗಿ ನನ್ನನ್ನೇ ಗದರಿಸಿದಳು. ಮುಗಿಸಿದೆ. ಮತ್ತೆ ಪರೀಕ್ಷೆ ಮಾಡಿದರು, ಹೋಗಿದೆ.

ಹೊಟ್ಟೆ ಸರಿಹೋಯಿತು, ಸಿಟ್ಟು ಇದ್ದ ಹಾಗೇ ಇದೆ. ಮಾರನೇ ವಾರವೇ ಯಜಮಾನನ ಎದುರು ನಿಂತು ಹದಿನೆಂಟು ವರ್ಷದ್ದನ್ನೂ ಒಟ್ಟಿಗೆ ಇಳಿಸಿದೆ. ಯಂತ್ರ ಸಿಗಲಿಲ್ಲ. ಆದರೆ ಅಷ್ಟು ಕೂಗಿದರೂ ಹೊಟ್ಟೆ ಒಂದು ಚೂರೂ ಉರಿಯಲಿಲ್ಲ. ನನ್ನ ಅಷ್ಟು ವರ್ಷ ವಾಪಸು ಕೊಡಿ ಎಂದು ಯಾರನ್ನು ಕೇಳಲಿ?

ಅಪ್ಪನದೂ ಇದೇ ಕಥೆಯಲ್ಲವೇ? "ಯೋಚನೆ ಜಾಸ್ತಿ" ಎಂದರು, ಹಾಲು ಕುಡಿಸಿದರು. ಕೊನೆಗೆ ಹೊಟ್ಟೆಯಲ್ಲಿ ಗಡ್ಡೆ ಎಂದರು, ಆ ಹೊತ್ತಿಗೆ ಹಾಲೂ ಇಳಿಯುತ್ತಿರಲಿಲ್ಲ. ಡಾಕ್ಟರಮ್ಮನನ್ನು ಕೇಳಿದೆ. ಅಪ್ಪನಿಗೂ ಇದೇ ಇತ್ತೋ ಇಲ್ಲವೋ ಈಗ ಹೇಳಲಾಗದು, ಆದರೆ ಇದನ್ನು ಹಾಗೇ ಬಿಟ್ಟರೆ ಕೆಲವರಿಗೆ ಗಡ್ಡೆಯಾಗುವುದುಂಟು, ಒಡಹುಟ್ಟಿದವರು ಇದ್ದರೆ ಪರೀಕ್ಷೆ ಮಾಡಿಸಿ ಎಂದಳು. ಒಡಹುಟ್ಟಿದವನು ನೀನೊಬ್ಬನೇ.

ಆ ಬಿಳಿ ಔಷಧಿ ಉರಿ ತಣಿಸುತ್ತದೆ, ಬ್ಯಾಕ್ಟೀರಿಯಾ ಎಂಬ ಆ ಹುಳುವನ್ನು ಕೊಲ್ಲುವುದಿಲ್ಲ. ನಾಳೆಯೇ ಡಾಕ್ಟರ ಹತ್ತಿರ ಹೋಗು. ತೂಕ ಇಳಿದದ್ದನ್ನು ಮುಚ್ಚಿಡದೆ ಹೇಳು. ಆ್ಯಸಿಡ್ ಮಾತ್ರೆ ನುಂಗುತ್ತಿದ್ದರೆ ಕೆಲವು ಪರೀಕ್ಷೆಯಲ್ಲಿ ಹುಳು ಸಿಕ್ಕುವುದಿಲ್ಲವಂತೆ. ಎಷ್ಟು ದಿನ ನಿಲ್ಲಿಸಬೇಕು ಎಂದು ಅವರನ್ನೇ ಕೇಳು, ನಿನ್ನ ಬುದ್ಧಿ ಓಡಿಸಬೇಡ.

ಮಕ್ಕಳಿಗೆ ಆಶೀರ್ವಾದ. ನಿನ್ನ ಹೆಂಡತಿಗೆ ಎರಡು ಪಾಲು, ನಿನ್ನ ಜೊತೆ ಏಗುತ್ತಿದ್ದಾಳೆ.

ನಿನ್ನ ಅಕ್ಕ

ಮರೆತದ್ದು: ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಈ ಹುಳು ಚಿಕ್ಕಂದಿನಲ್ಲೇ, ಮನೆಯೊಳಗೇ, ಬಾಯಿಂದ ಬಾಯಿಗೂ ಅಂಟಬಹುದಂತೆ. ಅಮ್ಮ ಕೆಲಸಕ್ಕೆ ಹೋದಾಗ, ನಿನಗೆ ಹಲ್ಲು ಬರುವವರೆಗೂ, ನಾನೇ ಅನ್ನವನ್ನು ಅಗಿದು ಮೆತ್ತಗೆ ಮಾಡಿ ನಿನ್ನ ಬಾಯಿಗಿಡುತ್ತಿದ್ದೆ. ಹಾಗೆ ಮಾಡದಿದ್ದರೆ ನೀನು ಉಗುಳುತ್ತಿದ್ದೆ. "ಯಾರಿಂದ ಯಾರಿಗೆ ಬಂತು ಅಂತ ಹೇಳೋಕಾಗಲ್ಲ ಅಜ್ಜಿ" ಎಂದಳು ಡಾಕ್ಟರಮ್ಮ. ಅವಳೇನು ಆ ಅಡುಗೆಮನೆಯಲ್ಲಿ ಇದ್ದಳೇ? ನನ್ನನ್ನು ಬೈಯುವುದಿದ್ದರೆ ಬೈ, ಪರೀಕ್ಷೆ ಮಾಡಿಸಿಕೊಂಡು ಬೈ. ಮೂವತ್ತನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.