ಚೈನು ಸಡಿಲು ಬಿಡು

ಭೀಮರಾಯನಗುಡಿ ಕ್ಯಾಂಪ್,
ತಾಲೂಕು ಶಹಾಪುರ,
ಬುಧವಾರ, ತಾ. 14-7-1993

ಪ್ರೀತಿಯ ಮಗ ಅಂಬ್ರಪ್ಪನಿಗೆ, ನಿನ್ನ ಅಪ್ಪ ಖಂಡಪ್ಪ ಹೊಟ್ಟೆ ತಣ್ಣಗಾಗಿ ಕೂತು ಬರೆಯುವ ಕಾಗದ.

ಮೊದಲು ಇದನ್ನು ಹೇಳು, ಮೂಗಿನಿಂದ ರಕ್ತ ಬರುತ್ತಿತ್ತಲ್ಲ, ನಿಂತಿತೇ? ಆ ಹಿಮದ ಬೆಟ್ಟದ ಮಿಲಿಟ್ರಿ ಕ್ಯಾಂಪಿನಲ್ಲಿ ಎರಡು ಹೊತ್ತು ಬಿಸಿ ಊಟ ಸಿಗುತ್ತದೆಯೇ, ಇಲ್ಲಾ ಡಬ್ಬಿ ಒಡೆದು ತಿನ್ನುವುದೇ? ಅವ್ವ ಊಟಕ್ಕೆ ಹಚ್ಚಿಕೊಳ್ಳಲು ಕುಟ್ಟಿ ಕಳಿಸಿದ ಶೇಂಗಾ ಹಿಂಡಿ ನಿನಗೆ ಮುಟ್ಟಿತೋ, ದಾರಿಯಲ್ಲಿಯೇ ಯಾರಾದರೂ ಕೈ ಹಾಕಿದರೋ? ಇಲ್ಲಿ ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಅವ್ವನ ಮೊಣಕಾಲು ಮೋಡ ಮುಸುಕಿದರೆ ನೋಯುತ್ತದೆ, ಬಿಸಿಲು ಬಿದ್ದರೆ ಸುಮ್ಮನಾಗುತ್ತದೆ. ನಿನ್ನ ಅಕ್ಕ ರೇಣಮ್ಮ ಸುರಪುರದಿಂದ ಬಂದು ನಾಲ್ಕು ದಿನ ಇದ್ದು, ಅವ್ವನ ಜೊತೆ ಎರಡು ಸಲ ಜಗಳ ತೆಗೆದು, ಬಸ್ಸು ಹತ್ತುವಾಗ ಅತ್ತು ಹೋದಳು. ಅಂದರೆ ಆಕೆಯೂ ಆರಾಮ ಇದ್ದಾಳೆ ಎಂದು ತಿಳಿದುಕೋ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಭತ್ತದ ಮಡಿಗಳಲ್ಲಿ ಈಗ ಎಲ್ಲಿ ಕಾಲಿಟ್ಟರೂ ರಾಡಿ. ನಾನು ರಿಟೈರ್ ಆಗಲು ಇನ್ನು ಹತ್ತು ತಿಂಗಳಿದೆ. ವರ್ಕ್‌ಶಾಪಿನ ಹುಡುಗರು ಈಗಲೇ ನಟ್ಟು ಬಿಚ್ಚುವ ನನ್ನ ಪಾನಾಗಳ ಮೇಲೆ ಕಣ್ಣು ಹಾಕಿದ್ದಾರೆ.

ನಿನ್ನ ಕಾಗದ ನಿನ್ನೆ ಬಂತು. ನಾನು ಡೋಜರಿನ ಕೆಳಗೆ ಮಲಗಿ ರೋಲರಿಗೆ ಗ್ರೀಸು ತುಂಬುತ್ತಿದ್ದೆ. ಅಂಚೆಯವ ಬಗ್ಗಿ, "ಖಂಡಪ್ಪಣ್ಣ, ನಿಮ್ಮ ಹುಡುಗಂದು ಬಂದೈತಿ ನೋಡ್ರಿ" ಅಂದ. ಎದ್ದ ರಭಸಕ್ಕೆ ತಲೆ ಕಬ್ಬಿಣಕ್ಕೆ ಬಡಿಯಿತು. ಬಡಿದರೆ ಬಡಿಯಲಿ! ಲಕೋಟೆಯ ಮೇಲೆ ನಿನ್ನ ಕೈಬರಹ ಕಂಡ ಕೂಡಲೇ ಅರ್ಧ ಜೀವ ಬಂತು, ಒಳಗೆ "ನಾನು ಸುಖವಾಗಿದ್ದೇನೆ" ಎಂಬ ಸಾಲು ಕಂಡಾಗ ಉಳಿದರ್ಧ ಬಂತು. ಡೋಜರಿನ ಚಕ್ರಗಳಿಗೆ ಸುತ್ತಿದ ಕಬ್ಬಿಣದ ಚೈನಿನ ಮೇಲೆಯೇ ಕೂತು ಮೂರು ಸಲ ಓದಿದೆ. ಅತ್ತುಬಿಟ್ಟೆ. ಬರೆಯಲು ನನಗೇನು ನಾಚಿಕೆ ಇಲ್ಲ. ಆರು ವಾರ ನಾನು ಹೇಗಿದ್ದೆ ಎಂಬುದು ನಿನಗೆ ಗೊತ್ತಿಲ್ಲ, ಅದಕ್ಕೇ ಮೊದಲಿನಿಂದ ಬರೆಯುತ್ತೇನೆ. ಉದ್ದ ಆದರೆ ಬೈಯಬೇಡ.

ಮೇ ತಿಂಗಳಲ್ಲಿ ನೀನು ಒಂದು ಕಾಗದ ಬರೆದಿದ್ದೆಯಲ್ಲ, ಹಿಮದ ಮೇಲೆ ಓಡುವ ಹಳೆಯ ಸ್ಕೂಟರಿನ ಬಗ್ಗೆ. ಮುಂದೆ ಎರಡು ಹಲಗೆ, ಹಿಂದೆ ಒಂದೇ ಒಂದು ಅಗಲವಾದ ರಬ್ಬರಿನ ಪಟ್ಟಾ, ಅದು ಗಿರಗಿರ ತಿರುಗಿದರೆ ಗಾಡಿ ಹಿಮದ ಮೇಲೆ ಓಡುತ್ತದೆ ಎಂದಿದ್ದೆ. ಪಟ್ಟಾದ ಹಲ್ಲು ಸವೆದು ಒಳಗಿನ ನೂಲು ಕಾಣುತ್ತಿದೆ, ಪಟ್ಟಾವನ್ನು ಎತ್ತಿ ಹಿಡಿಯುವ ಸ್ಪ್ರಿಂಗು ಮುರಿದಿವೆ, ಕೆಟ್ಟು ನಿಂತ ಇನ್ನೊಂದು ಸ್ಕೂಟರಿನ ಸಾಮಾನು ಬಿಚ್ಚಿ ಇದಕ್ಕೆ ಹಾಕಬೇಕು, ಸಾಹೇಬರು ನನಗೇ ಒಪ್ಪಿಸಿದ್ದಾರೆ ಎಂದು ಬರೆದಿದ್ದೆ. ಬಿಚ್ಚುವುದು ಜೋಡಿಸುವುದು ನಿನಗೆ ಗೊತ್ತಿತ್ತು. ಕೇಳಿದ್ದು ಒಂದೇ ಮಾತು: "ಅಪ್ಪಾ, ಇದರ ಪುಸ್ತಕ ಕಳದೈತಿ. ಈಗ ಹಾಕೋ ಪಟ್ಟಾ ಎಷ್ಟು ಬಿಗಿ ಮಾಡ್ಲಿ? ನೀ ಮೂವತ್ತು ವರ್ಷ ಚೈನು ಕಟ್ಟಿದಾಂವ, ನೀ ಹೇಳಿದಂಗ ಮಾಡ್ತೇನಿ."

ಈ ಸಾಲು ಓದಿ ನನ್ನ ಎದೆ ಎಷ್ಟು ಉಬ್ಬಿತೆಂದರೆ, ಮನೆಗೆ ಹೋಗಲಿಲ್ಲ, ನೆಟ್ಟಗೆ ಹಂಪಣ್ಣನ ಹೋಟೆಲಿಗೆ ಹೋದೆ. ಆಫೀಸಿನವರು, ಡ್ರೈವರುಗಳು, ಕಾಲೇಜಿನ ಇಬ್ಬರು ಮೇಷ್ಟರು, ಎಲ್ಲರೂ ಚಹಾ ಕುಡಿಯುತ್ತಿದ್ದರು. ನಿನ್ನ ಕಾಗದವನ್ನು ದೊಡ್ಡ ದನಿಯಲ್ಲಿ ಓದಿದೆ. ಜೊತೆಗೆ ಬಂದ ನಿನ್ನ ಫೋಟೋ ಕೈಯಿಂದ ಕೈಗೆ ಹೋಯಿತು. ಹಂಪಣ್ಣ ಅದನ್ನು ಬಿಸ್ಕತ್ತಿನ ಗಾಜಿನ ಪೆಟ್ಟಿಗೆಗೆ ಒಳಗಿನಿಂದ ಅಂಟಿಸಿ, "ನಾಕ ಮಂದಿ ನೋಡ್ಲಿ ಬಿಡ್ರಿ, ನಮ್ಮ ಕ್ಯಾಂಪಿನ ಹುಡುಗ" ಅಂದ. ನಾನು ಅಲ್ಲಿಯೇ ಟೇಬಲ್ಲಿನ ಮೇಲೆ ಉತ್ತರ ಬರೆದೆ, ಬರೆಯುತ್ತಾ ಎಲ್ಲರಿಗೂ ಕೇಳುವಂತೆ ಓದುತ್ತಾ. ನಿನಗೇ ಗೊತ್ತು ನಮ್ಮ ಲೆಕ್ಕ. ನೆಲ ಒಣಗಿ ಗಟ್ಟಿ ಇದ್ದರೆ ಚೈನು ಬಿಗಿ ಇರಬೇಕು, ಇಲ್ಲದಿದ್ದರೆ ಹಲ್ಲಿನಿಂದ ಜಾರುತ್ತದೆ. ರಾಡಿ ಇದ್ದರೆ ಸಡಿಲು ಬಿಡಬೇಕು. ರಾಡಿ ಒಳಗಿನ ಚಕ್ರಗಳಿಗೆ ಮೆತ್ತಿಕೊಂಡು ತಾನಾಗಿಯೇ ಚೈನನ್ನು ಎಳೆದು ಹಿಡಿಯುತ್ತದೆ. ಮೊದಲೇ ಬಿಗಿ ಮಾಡಿದ್ದರೆ ಹರಿದುಹೋಗುತ್ತದೆ. ಇನ್ನು ಬರ್ಫ ಅಂದರೆ ನಾನು ಕಂಡದ್ದು ಯಾವುದು? ಯಾದಗಿರಿಯ ಫ್ಯಾಕ್ಟರಿಯಿಂದ ಭತ್ತದ ಹೊಟ್ಟಿನಲ್ಲಿ ಸುತ್ತಿ ಸೋಡಾ ಅಂಗಡಿಗೆ ಬರುತ್ತದಲ್ಲ, ಸುತ್ತಿಗೆಯಿಂದ ಬಡಿದರೂ ಒಡೆಯದ ಗಡ್ಡೆ, ಅದು. ಅಂಥದ್ದರ ಮೇಲೆ ಓಡುವ ಗಾಡಿ ಎಂದ ಮೇಲೆ ಕೇಳುವುದೇನಿದೆ! "ಬೇಸಿಗೆಯ ಎರೆ ನೆಲಕ್ಕಿಂತ ಗಟ್ಟಿ ನೆಲ ಅದು. ಪಟ್ಟಾ ಪೂರ್ತಿ ಬಿಗಿ ಮಾಡು, ಒಂದು ಬೆರಳೂ ಜೋತುಬೀಳಬಾರದು" ಎಂದು ಬರೆದು, ಕೆಳಗೆ ಗೆರೆ ಎಳೆದು, ಅಂದೇ ಅಂಚೆ ಡಬ್ಬಿಗೆ ಹಾಕಿದೆ. ಇಡೀ ಹೋಟೆಲು ತಲೆ ಆಡಿಸಿತು. ಒಬ್ಬನಾದರೂ ಹಿಮ ಕಂಡವನಿದ್ದನೇ? ಮೇಷ್ಟರೂ ತಲೆ ಆಡಿಸಿದರಪ್ಪ!

ಹತ್ತು ದಿನ ಆದ ಮೇಲೆ ಒಂದು ಭಾನುವಾರ ಫೋಟೋ ಬಿಡಿಸಿಕೊಂಡು ಮನೆಗೆ ತಂದೆ. ಮನೆಯಲ್ಲಿ ಸಾವಕಾಶ ನೋಡುತ್ತಿದ್ದಾಗ ನನಗೆ ಹೊಳೆಯಿತು. ಗಾಡಿಯ ಪಕ್ಕ ನೀನು ನಗುತ್ತಾ ನಿಂತಿದ್ದೀ, ಆದರೆ ನಿನ್ನ ಕಾಲು ಮೊಣಕಾಲಿನ ತನಕ ಒಳಗೆ ಹೋಗಿದೆ. ಬರ್ಫದ ಗಡ್ಡೆಯಲ್ಲಿ ಕಾಲು ಹೂತುಹೋಗುತ್ತದೆಯೇ? ಅಂದರೆ ನೀವು ಓಡಾಡುವುದು ಹಿಟ್ಟಿನಂಥ ಮೆತ್ತನೆಯ ಹಿಮದಲ್ಲಿ. ಅದು ಚಕ್ರಕ್ಕೆ ಮೆತ್ತಿಕೊಂಡರೆ, ಚಳಿಗೆ ಅಲ್ಲಿಯೇ ಗಟ್ಟಿಯಾದರೆ! ನನ್ನ ಕೈಯಾರೆ ನಾನು ಮಗನಿಗೆ ತಪ್ಪು ಹೇಳಿ, ಗೆರೆ ಬೇರೆ ಎಳೆದಿದ್ದೆ. ನನ್ನ ಕಾಗದ ಆಗಲೇ ನಿನ್ನ ಕೈ ಸೇರಿರಬೇಕು. ಇಳಿಜಾರಿನಲ್ಲಿ ಪಟ್ಟಾ ಹರಿದರೆ ಆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಯಾವುದು?

ಮಂಗಳವಾರ ಮೊದಲ ಬಸ್ಸಿಗೆ ಶಹಾಪುರಕ್ಕೆ ಹೋಗಿ ಅಂಚೆ ಕಚೇರಿ ಬಾಗಿಲು ತೆರೆಯುವ ಮೊದಲೇ ನಿಂತೆ. ತಾರು, ಅದೇ ಟೆಲಿಗ್ರಾಂ, ಕೊಡಬೇಕು ಎಂದ ಕೂಡಲೇ ಆ ಬಾಬು ಮುಖ ಸಣ್ಣದು ಮಾಡಿಕೊಂಡು, "ಯಾರು ಹೋದ್ರಿ ಯಜಮಾನ್ರ?" ಎಂದು ಕೇಳಿದ. ಯಾರೂ ಹೋಗಿಲ್ಲ, ಹೋಗಬಾರದು ಅಂತಲೇ ಬಂದೀನಿ, ಚೈನು ಸಡಿಲು ಬಿಡು ಎಂದು ಬರಿ ಎಂದೆ. ಅವನು ಪೆನ್ನು ಕೆಳಗಿಟ್ಟ. "ಮಿಲಿಟ್ರಿಗೆ ಹಿಂಗ ಬರದ್ರ ಏನೋ ಗುಪ್ತ ಸುದ್ದಿ ಅಂತ ನನ್ನೂ ಹಿಡೀತಾರ, ನಿಮ್ಮನ್ನೂ ಹಿಡೀತಾರ" ಅಂದ. ಅವನಿಗೆ ಡೋಜರು, ರಾಡಿ, ಬರ್ಫ ಎಲ್ಲಾ ಬಿಡಿಸಿ ಹೇಳಬೇಕಾಯಿತು. ಹಿಂದೆ ಸಾಲಿನಲ್ಲಿ ನಿಂತ ಮಂದಿಯೂ ಕೇಳಿಸಿಕೊಂಡರು. ಕೊನೆಗೆ ಅವನೇ ಇಂಗ್ಲಿಷಿನಲ್ಲಿ ಚಂದ ಮಾಡಿ ಬರೆದ: ಮೊದಲಿನ ಕಾಗದ ತಪ್ಪು, ಚೈನು ಸಡಿಲು ಬಿಡು, ಎರಡು ಬೆರಳು, ಮನೆಯಲ್ಲಿ ಎಲ್ಲರೂ ಕ್ಷೇಮ, ಅಪ್ಪ. "ಕ್ಷೇಮ" ಎನ್ನುವುದು ಅವನು ಸೇರಿಸಿದ್ದು. ಒಳ್ಳೆಯ ಮನುಷ್ಯ.

ಅಂದಿನಿಂದ ನಿನ್ನೆಯ ತನಕ ನಾನು ಬಾಳಿದ್ದನ್ನು ಬಾಳು ಅನ್ನಬಾರದು. ರೇಡಿಯೋದಲ್ಲಿ ಆ ಕಡೆಯ ಹವೆಯ ಸುದ್ದಿ ಬಂದರೆ ಊಟ ಬಿಟ್ಟು ಅದಕ್ಕೇ ಕಿವಿ ಹಚ್ಚುತ್ತಿದ್ದೆ. ವರ್ಕ್‌ಶಾಪಿಗೆ ಯಾವ ಗಾಡಿ ಬಂದರೂ ಕೈ ತಾನಾಗಿ ಚೈನು ಸಡಿಲು ಮಾಡುತ್ತಿತ್ತು. ಕೊಂಕಲ್ಲಿನ ನೀಲಕಂಠ ಗೊತ್ತಲ್ಲ, ನನ್ನ ಡೋಜರಿನ ಡ್ರೈವರು, ಒಂದು ದಿನ ಇಳಿದು ಬಂದು, "ಖಂಡಪ್ಪಣ್ಣ, ಇದು ಚೈನೋ ಜೋಕಾಲಿಯೋ? ಹೊಲದಾಗ ಎರಡು ಸಲ ಕಳಚಿ ಬಿತ್ತಲ್ರಿ!" ಎಂದು ರೇಗಿದ. ನಾನೂ ರೇಗಿದೆ. ಆಮೇಲೆ ಅವನಿಗೆ ವಿಷಯ ಹೇಳಿದೆ, ಅವನು ಬೀಡಿ ಹಚ್ಚಿ ಕೈಗೆ ಕೊಟ್ಟ. ನಿನ್ನ ಅವ್ವ ಅಬ್ಬೆತುಮಕೂರಿನ ಮಠಕ್ಕೆ ಹೊರಟಳು. ನಾನು ಗುಡಿ ಮಠ ಎಂದು ತಿರುಗುವವನಲ್ಲ, ನಿನಗೆ ಗೊತ್ತಿದ್ದದ್ದೇ. ಆದರೂ ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಹೋಗಿ ಕೂತೆ.

ನಿನ್ನೆ ಗೊತ್ತಾಯಿತು ನೋಡು, ಎಂಥ ಅನಾಹುತ ತಪ್ಪಿತು ಎಂದು. ನಾನು ಬರೆದ ಹಾಗೆಯೇ ನೀನು ಪಟ್ಟಾ ಪೂರ್ತಿ ಬಿಗಿ ಮಾಡಿದ್ದೆಯಂತೆ, ಕ್ಯಾಂಪಿನ ತುಳಿದು ಗಟ್ಟಿಯಾದ ನೆಲದಲ್ಲಿ ಓಡಿಸಿ ನೋಡಿದಾಗ ಚೆನ್ನಾಗಿಯೇ ಓಡಿತಂತೆ. ಹೆಲಿಕಾಪ್ಟರು ಇಳಿಯದ ಮೇಲಿನ ಚೌಕಿಯಲ್ಲಿ ಒಬ್ಬ ಜವಾನನಿಗೆ ಉಸಿರು ಸಿಕ್ಕಿಹಾಕಿಕೊಂಡಿತು, ಬೆಳಗಾದರೆ ನೀನು ಹೋಗಿ ಕರೆತರಬೇಕು. ಹಿಂದಿನ ದಿನ ಸಂಜೆ, ಹವೆ ಕೆಡುವ ಮುಂಚೆ ಬಂದ ಕೊನೆಯ ಹೆಲಿಕಾಪ್ಟರಿನಲ್ಲಿ ನನ್ನ ತಾರು ಬಂತು. ಆಮೇಲೆ ಒಂಬತ್ತು ದಿನ ಏನೂ ಬರಲಿಲ್ಲ ಅಂದೆಯಲ್ಲ! "ತಾರು ಅಂದಕೂಡ್ಲೆ ಅವ್ವ ಹೋದಳೇನೋ ಅಂತ ಅಂಜಿದೆ. ಚೈನು ಸಡಿಲು ಬಿಡು ಅಂತ ಓದಿ ನಕ್ಕು ನಕ್ಕು ಅತ್ತೆ" ಎಂದು ಬರೆದಿದ್ದೀ. ನಗು, ನಗು. ನಕ್ಕರೂ ಪಾನಾ ಹಿಡಿದು ಎರಡು ಬೆರಳು ಸಡಿಲು ಮಾಡಿದೆಯಲ್ಲ, ಅಷ್ಟು ಸಾಕು ನನಗೆ. ಮರುದಿನ ರೋಗಿಯನ್ನು ಹಿಂದೆ ಕಟ್ಟಿಕೊಂಡು ಇಳಿಜಾರು ಇಳಿದು ಬಂದು ನೋಡಿದರೆ, ಒಳಗೆಲ್ಲಾ ಹಿಮ ತುಂಬಿ, ಜೋತಾಡುತ್ತಿದ್ದ ಪಟ್ಟಾ ಬಾರಿಸುವ ಹಲಗೆಯ ಚರ್ಮದಂತೆ ಬಿಗಿದು ನಿಂತಿತ್ತು ಎಂದಿದ್ದೀ. ಮೊದಲಿನ ಹಾಗೆ ಬಿಗಿ ಇದ್ದಿದ್ದರೆ ನಡುದಾರಿಯಲ್ಲಿಯೇ ಹರಿಯುತ್ತಿತ್ತು. ಆ ಜವಾನ ಈಗ ಗಂಜಿ ಕುಡಿಯುತ್ತಿದ್ದಾನೆ ಎಂದು ಓದಿ ಸಮಾಧಾನವಾಯಿತು. "ಅಪ್ಪಾ, ನೀನ ನಮ್ಮಿಬ್ಬರ ಜೀವಾ ಉಳಿಸಿದಿ" ಎಂದು ಕೊನೆಗೆ ಬರೆದಿದ್ದೀಯಲ್ಲ, ಆ ಸಾಲನ್ನು ಹಂಪಣ್ಣನ ಹೋಟೆಲಿನಲ್ಲಿ ಎರಡು ಸಲ ಓದಿಸಿದರು.

ಇನ್ನು ಮೇಲೆ ಹೊರಡುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ಪಟ್ಟಾ ಮುಟ್ಟಿ ನೋಡು. ಒಳಗಿನ ಹಿಮ ಬಡಿದು ತೆಗೆಯದೆ ಗಾಡಿ ನಿಲ್ಲಿಸಬೇಡ. ಹಳೆಯ ಸ್ಪ್ರಿಂಗನ್ನು ನಂಬಬೇಡ, ಸಾಹೇಬರಿಗೆ ಹೊಸದು ಕೇಳು, ಅವರು ಬೈದರೆ ಬೈಯಿಸಿಕೋ. ಕಾಲುಚೀಲ ಒದ್ದೆ ಇಟ್ಟುಕೊಳ್ಳಬೇಡ. ಮುಂದಿನ ರಜೆಗೆ ಬಂದಾಗ ಕಾಲುವೆ ದಂಡೆಗೆ ಹೋಗಿ ಇಬ್ಬರೂ ಕಾಲು ಇಳಿಬಿಟ್ಟುಕೊಂಡು ಕೂಡೋಣ, ನನಗೆ ಆ ಹಿಮದ ವಿಷಯ ಪೂರ್ತಿ ಹೇಳಬೇಕು ನೀನು. ನೀಲಕಂಠ, ಹಂಪಣ್ಣ ನಿನಗೆ ಶರಣು ತಿಳಿಸಿದ್ದಾರೆ. ನಿನ್ನ ಜೊತೆಗಾರರಿಗೆಲ್ಲಾ ಈ ಮುದುಕನ ಶರಣು ಹೇಳು. ಎಲ್ಲಿದ್ದರೂ ಬೆಚ್ಚಗಿರು, ನೂರು ವರ್ಷ ಬಾಳು.

ಇಂತಿ ನಿನ್ನ ಅಪ್ಪ,
ಖಂಡಪ್ಪ, ಮೆಕ್ಯಾನಿಕ್

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಂಚೆಯವ ಹೊರಡುವ ಹೊತ್ತಾಯಿತು, ಅಕ್ಷರ ಓರೆಯಾದರೆ ಓದಿಕೋ. ಯಾವಾಗಿನಂತೆ ಈ ಕಾಗದವನ್ನೂ ನಿನ್ನ ಅವ್ವನಿಗೆ ಓದಿ ಹೇಳಿದೆ. ಫೋಟೋ ನೋಡಿ ನನಗೆ ಹೊಳೆಯಿತು ಎನ್ನುವ ಕಡೆ ಅವಳು ರೊಟ್ಟಿ ತಟ್ಟುವುದನ್ನು ಒಂದು ಗಳಿಗೆ ನಿಲ್ಲಿಸಿದಳು, ಮತ್ತೆ ತಟ್ಟಿದಳು. ಮುಗಿದ ಮೇಲೆ, "ಛಲೋ ಬರ್ದೀರಿ, ಲಕೋಟಿ ಅಂಟಸ್ರಿ" ಎಂದಳು. ಅಷ್ಟೇ. ಹೊಳೆದದ್ದು ನನಗಲ್ಲ, ಅಂಬ್ರಪ್ಪ. ಹತ್ತು ದಿನ ಆ ಫೋಟೋ ಊರಿಗೆಲ್ಲಾ ತೋರಿಸಿದೆ, ಹೆತ್ತವಳಿಗೆ ತೋರಿಸಿರಲಿಲ್ಲ. ಆ ಭಾನುವಾರ ಕೈಗೆ ಕೊಟ್ಟ ಕೂಡಲೇ ಅವಳೇ ಅಂದದ್ದು, "ಇದೇನ್ರಿ, ಹುಡುಗ ಮೊಣಕಾಲತನಾ ಹೂತಾನಲ್ಲ? ನಮ್ಮ ಎರಿ ಹೊಲದ ರಾಡಿ ಇದ್ದಂಗ ಐತಿ ಇದು. ರಾಡಿಯಾಗ ಚೈನು ಸಡ್ಲ ಬಿಡಬೇಕು ಅಂತ ನೀವ ಅಂತಿದ್ರಲ್ಲ?" ಎಂದು. ನಾನು ತಾಟು ದೂಡಿ ಎದ್ದು, "ಒಲಿ ಮುಂದ ಕುಂದ್ರಾಕಿಗೆ ಚೈನಿನ ಉಸಾಬರಿ ಯಾಕ?" ಎಂದು ಬೈದೆ. ಅವಳು ಹೇಳಿದ್ದು ಖರೆ ಎಂದು ಆಗಲೇ ಗೊತ್ತಾಗಿತ್ತು. ಆದರೂ ಸೋಮವಾರ ಇಡೀ ದಿನ ಹಟ ಹಿಡಿದು ಕೂತೆ, ಮಂಗಳವಾರ ಹೋದೆ. ಇನ್ನೊಂದು ದಿನ ಕೂತಿದ್ದರೆ ಆ ಕೊನೆಯ ಹೆಲಿಕಾಪ್ಟರು ತಪ್ಪುತ್ತಿತ್ತು. ನಿಮ್ಮಿಬ್ಬರ ಜೀವ ಉಳಿಸಿದವಳು ನಿನ್ನ ಅವ್ವ ಮರಿಲಿಂಗಮ್ಮ. ಇಂದು ಸಂಜೆ ಹೋಟೆಲಿನಲ್ಲಿಯೂ ಇದನ್ನು ಹೇಳುತ್ತೇನೆ, ಯಾರು ಬೇಕಾದರೂ ನಗಲಿ. ಮುಂದಿನ ಕಾಗದ ಅವಳ ಹೆಸರಿಗೆ ಬರೆ, ಲಕೋಟೆಯ ಮೇಲೂ ಅವಳ ಹೆಸರೇ ಇರಲಿ. ಓದಿ ಹೇಳುವವನು ನಾನೇ. ಒಂದಕ್ಷರ ನುಂಗುವುದಿಲ್ಲ.