ಚೌಳು ಹೊಲದಲ್ಲಿ ತೆನೆ

ಮಾರ್ಚ್ ೧೨

ಪ್ರೀತಿಯ ಅಣ್ಣ,

ನಿನಗೂ ಅತ್ತಿಗೆಗೂ ನಮಸ್ಕಾರ. ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತವಳನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೀಯೋ. ಕೆಲಸವಿತ್ತು ಅನ್ನುವುದು ಅರ್ಧ ನಿಜ. ಹೇಳುವಂಥದ್ದೇನಾದರೂ ಕೈಗೆ ಬರಲಿ ಅಂತ ಕಾದದ್ದು ಉಳಿದರ್ಧ.

ಬಂದಿದೆ. ನೀನು ಬಿಟ್ಟುಹೋದ ಕೆಳಗಿನ ಹೊಲದಲ್ಲಿ ಈ ಸಲ ಜೋಳ ತೆನೆ ಕಟ್ಟಿತು.

ನಾಲ್ಕು ವರ್ಷದ ಹಿಂದೆ ನಮ್ಮ ಕೃಷಿ ಕಚೇರಿಯವರನ್ನು ಕಾಡಿ ಬೇಡಿ ಆ ಹೊಲವನ್ನು ಪ್ರಯೋಗಕ್ಕೆ ತೆಗೆದುಕೊಂಡಾಗ, ನೆಲದ ತುಂಬ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ಉಪ್ಪುನೀರು ಹರಿದುಹೋಗಲೆಂದು ಸುತ್ತ ಬಸಿಗಾಲುವೆ ತೋಡಿಸಿದೆ. ಎರಡು ವರ್ಷ ಬರೀ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೇ ಸೇರಿಸಿ ಉತ್ತೆ. ಪಕ್ಕದ ಹೊಲದ ಟ್ರ್ಯಾಕ್ಟರಿನವನು ಬದುವಿನ ಮೇಲೆ ನಿಂತು, "ಮೇಡಂ, ಬೆಳೆದಿದ್ದನ್ನೆಲ್ಲ ಮಣ್ಣಿಗೇ ಉಣಿಸ್ತಿದ್ದೀರಲ್ಲ, ಜನಕ್ಕೆ ಯಾವಾಗ?" ಅಂದ. "ಮೊದಲು ಅದರ ಹಸಿವು ತೀರಲಿ ಕಣಪ್ಪ" ಅಂದೆ.

ಶಾಲೆಯ ಊಟಕ್ಕೆ ಜೋಳ ಕೊಡುವುದು ನಮ್ಮ ಸಹಕಾರ ಸಂಘವೇ; ಮೊನ್ನೆ ಅದರ ಸಭೆಯಲ್ಲಿ ಶಾಲೆಯ ಅಡುಗೆಯಾಕೆ ಎದ್ದು ನಿಂತಳು. ಐದೇ ವರ್ಷದಲ್ಲಿ ಅವಳು ಬಡಿಸುವ ತಟ್ಟೆಗಳು ಇನ್ನೂರರಿಂದ ನಾನೂರಾಗಿವೆ. "ನಿಮ್ಮ ಹೊಲದಲ್ಲಿ ಎಕರೆಗೆ ಎಂಟು ಚೀಲ, ಪಕ್ಕದ್ದರಲ್ಲಿ ಹನ್ನೆರಡು. ನನ್ನ ಪಾತ್ರೆ ಯಾವುದರಿಂದ ತುಂಬುತ್ತೆ, ನೀವೇ ಹೇಳಿ" ಅಂದಳು.

"ಈ ವರ್ಷ ಹನ್ನೆರಡರಿಂದಲೇ. ಆದ್ರೆ ಅಲ್ಲೂ ಅಂಚಿಗೆ ಉಪ್ಪು ಕಾಣಿಸಿದೆ. ತಟ್ಟೆ ಎಂಟುನೂರಾಗೋ ಹೊತ್ತಿಗೆ ಆ ಹೊಲ ಬರಿದಾದ್ರೆ ಏನು ಬಡಿಸ್ತೀರಿ?" ಅಂದೆ.

ಟ್ರ್ಯಾಕ್ಟರಿನವನು ತಲೆ ಎತ್ತದೆಯೇ, "ನನ್ನ ಹೊಲಕ್ಕೂ ಕಾಲುವೆ ಗುರುತು ಹಾಕ್ಕೊಡಿ" ಅಂದ. ಅವನ ಹಿಂದೆ ಇನ್ನೂ ಐವರು ಹೆಸರು ಬರೆಸಿದರು. ಸೋಮವಾರ ಅಗೆತ ಶುರು. ಅಡುಗೆಯಾಕೆಗೆ ಇನ್ನೂ ಮುನಿಸು. ಇರಲಿ, ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ಎಂಟನ್ನು ಹನ್ನೆರಡು ಮಾಡಿ ತೋರಿಸುವವರೆಗೆ ನಾನೂ ಬಿಡುವವಳಲ್ಲ. ಸೊಂಟ ಹಿಡಿದುಕೊಂಡಿದೆ, ಹಠ ಹಾಗೇ ಇದೆ.

ಮಕ್ಕಳಿಬ್ಬರಿಗೂ ಅತ್ತೆಯ ಆಶೀರ್ವಾದ. ಹೊಟ್ಟೆತುಂಬ ಉಂಡು, ಚೆನ್ನಾಗಿ ಬೆಳೆಯಲಿ.

ನಿನ್ನ
ಮೊಂಡಿ

ಮತ್ತೆ: ಇದು ಮರೆತ ಮಾತಲ್ಲ, ಬರೆಯಲು ಹೆದರಿದ್ದು. ಹೊಲ ಹಾಳಾದಾಗ ಅಪ್ಪ ಹತ್ತು ಜನರೆದುರು, "ಇವನ ಕೈಗುಣವೇ ಸರಿಯಿಲ್ಲ" ಅಂದರು. ನೀನು ಅದನ್ನೇ ನಂಬಿ ಊರು ಬಿಟ್ಟೆ. ವರ್ಷಕ್ಕೆ ಮೂರು ಬೆಳೆ ತೆಗೆ, ನೀರು ಧಾರಾಳವಾಗಿ ನಿಲ್ಲಿಸು ಅಂತ ನಿನಗೆ ಬರೆದುಕೊಟ್ಟವಳು ನಾನು. ಹೊಲ ಕೆಟ್ಟದ್ದು ಅದರಿಂದಲೇ ಅಂತ ಮಣ್ಣಿನ ಪರೀಕ್ಷೆಯ ವರದಿ ಆಗಲೇ ನನ್ನ ಕೈ ಸೇರಿತ್ತು. ಹೊಸ ಕೆಲಸ ಎಲ್ಲಿ ಹೋಗುತ್ತದೋ ಅಂತ ಬಾಯಿ ಬಿಡಲಿಲ್ಲ. ಮೊನ್ನೆ ಸಭೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ಕೂತು ಕೇಳಿದರು. ಮೊದಲು ಹೇಳಬೇಕಾಗಿದ್ದವನಿಗೆ ಕೊನೆಗೆ ಹೇಳುತ್ತಿದ್ದೇನೆ.