ಆರನೆಯ ಮುಸುಕು

ನುಮಾಸಾವಾ, ಅಕಿತಾ
ಆಗಸ್ಟ್ 10, ಭಾನುವಾರ

ಪ್ರೀತಿಯ ಹಿಸಾಯೆ ಅಕ್ಕಾ,

ಹೇಗಿದ್ದೀಯಾ? ಫುಕುವೊಕಾದಲ್ಲಿ ಸೆಕೆ ವಿಪರೀತವೆಂದು ಟಿವಿಯಲ್ಲಿ ನೋಡಿದೆ. ಭಾವನ ಮಂಡಿನೋವು ಇಳಿಯಿತೇ? ಹೊತ್ತುಹೊತ್ತಿಗೆ ನೀರು ಕುಡಿಯಿರಿ, ಫ್ಯಾನ್ ಹಾಕುವುದಕ್ಕೆ ಜುಗ್ಗತನ ಮಾಡಬೇಡಿ. ನಾನು ಆರಾಮ. ಸೌತೆಬಳ್ಳಿ ಈ ವರ್ಷ ಸಿಕ್ಕಾಪಟ್ಟೆ ಬಿಟ್ಟಿದೆ. ತಿನ್ನುವವಳು ನಾನೊಬ್ಬಳೇ, ಹಾಗಾಗಿ ಉಪ್ಪಿನಲ್ಲಿ ಹಾಕಿ ಬೀದಿಗೆಲ್ಲ ಹಂಚುತ್ತಿದ್ದೇನೆ. ಅಮ್ಮ ಹೋದಮೇಲೆ ಇದು ಮೊದಲನೆಯ ಬೋನ್ ಹಬ್ಬ. ತೀರಿಕೊಂಡವರು ಮನೆಗೆ ಬಂದುಹೋಗುವ ದಿನಗಳಲ್ಲವೇ, ಹಿರಿಯರ ಪೀಠ ಒರೆಸಿ ಬಿಳಿಯ ಲಾಂದ್ರ ತಂದಿಟ್ಟಿದ್ದೇನೆ.

ಅಮ್ಮನ ಕುಣಿತದ ನಿಲುವಂಗಿಯನ್ನು ಮಾರ್ಚ್‌ನಲ್ಲಿ ನಮ್ಮೂರ ಬೋನ್ ಕುಣಿತದ ವಸ್ತುಸಂಗ್ರಹಾಲಯಕ್ಕೆ ಕೊಟ್ಟೆನೆಂದು ಬರೆದಿದ್ದೆನಲ್ಲ, ಅಜ್ಜಿ ಮುತ್ತಜ್ಜಿಯರ ರೇಷ್ಮೆ ತುಂಡುಗಳನ್ನು ಕೌದಿಯಂತೆ ಜೋಡಿಸಿ ಹೊಲಿದದ್ದು. ಮನೆಯಲ್ಲಿದ್ದರೆ ಹುಳ ತಿನ್ನುತ್ತದೆ ಎಂದು ಕೊಟ್ಟೆ. ಅಲ್ಲಿಯ ಉಸ್ತುವಾರಿ ಈಗ ಯೊಶಿನೊ ಒನೊದೆರಾಳದು. ನಿನಗೆ ನೆನಪಿರಬೇಕು, ತೋಫು ಅಂಗಡಿಯವರ ಮಗಳು, ಮಾತು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಗುರುವಾರ ಅವಳೇ ಫೋನ್ ಮಾಡಿ, “ತೊಕಿ, ಶನಿವಾರ ಸ್ವಲ್ಪ ಬಂದುಹೋಗೇ. ಫೋನಲ್ಲಿ ಹೇಳೋ ಅಂಥದ್ದಲ್ಲ” ಎಂದು ಇಟ್ಟುಬಿಟ್ಟಳು.

ನಿನ್ನೆ ಊಟ ಮುಗಿಸಿ ಹೋದೆ. ನಿಲುವಂಗಿಯನ್ನು ಗಾಜಿನ ಕಪಾಟಿನೊಳಗೆ ಆಳೆತ್ತರದ ಬೊಂಬೆಗೆ ತೊಡಿಸಿದ್ದಾರೆ. ಮುಖಕ್ಕೆ ಕರಿಯ ಮುಸುಕು, ಕಣ್ಣಿಗೆ ಎರಡು ತೂತು. ಯೊಶಿನೊ ಬೀಗ ತೆಗೆದು ಅಂಚನ್ನು ಎತ್ತಿ ತೋರಿಸಿದಳು. ಎಡಗಡೆಯ ಅಂಚು ನೂಲುನೂಲಾಗಿ ಸವೆದು, ಅದರಲ್ಲಿ ಬೀದಿಯ ದೂಳು ಮೆತ್ತಿಕೊಂಡಿತ್ತು. “ಜೂನಲ್ಲಿ ನಾನೇ ಹೊಲಿದು ಸರಿಮಾಡಿದ್ದೆ ಕಣೇ. ಮತ್ತೆ ಹೀಗಾಗಿದೆ. ಬೀಗದ ಕೈ ನನ್ನ ಸೊಂಟ ಬಿಟ್ಟು ಆಚೆ ಹೋಗಿಲ್ಲ.” ಆಮೇಲೆ ಮೆಲ್ಲಗೆ ಕೇಳಿದಳು: “ನಿಮ್ಮಮ್ಮ ಎಡಗಾಲು ಎಳೀತಿದ್ರಲ್ವಾ?” ನಾನು, “ಇಲಿ ಕಾಟ ಇರ್ಬೇಕು, ಒಂದು ಬೆಕ್ಕು ಸಾಕು” ಎಂದು ನಕ್ಕೆ. ಆದರೆ ಎಡಗಾಲಿನ ಸ್ವಾಧೀನ ತಪ್ಪಿದ ಮೇಲೆ ಅಮ್ಮ ಏಳು ವರ್ಷ ಕುಣಿದಿರಲಿಲ್ಲ. ನಿಲುವಂಗಿ ಅಷ್ಟೂ ವರ್ಷ ಪೆಟ್ಟಿಗೆಯಲ್ಲೇ ಇತ್ತು, ಅಂಚು ಎಲ್ಲೂ ಸವೆದಿರಲಿಲ್ಲ.

ಎರಡು ಗಂಟೆಗೆ ಒಳಗಿನ ಹಾಲ್‌ನಲ್ಲಿ ಪ್ರದರ್ಶನದ ಕುಣಿತ. ನಮ್ಮ ಸಂಘದ ಐದು ಹೆಂಗಸರು, ಎಲ್ಲರೂ ಮುಸುಕಿನಲ್ಲಿ. ಕಿಟಕಿಗಳಿಂದ ಬಿಸಿಲು ನೆಲದ ತುಂಬ ಬಿದ್ದಿತ್ತು. ನೋಡಲು ಬಂದ ಹೊರಗಿನವರು ಮೂವರು, ಅವರ ಜೊತೆಗೆ ನಾನು ಮತ್ತು ಯೊಶಿನೊ. ಮೂರನೆಯ ಸುತ್ತಿನಲ್ಲಿ ಸುಮ್ಮನೆ ಎಣಿಸಿದೆ, ಆರು ಮಂದಿಯಿದ್ದರು. ಮತ್ತೆ ಎಣಿಸಿದೆ, ಆರೇ. ಆರನೆಯವಳು ಅಮ್ಮನ ನಿಲುವಂಗಿಯಲ್ಲಿದ್ದಳು. ಡೋಲಿನ ಪೆಟ್ಟುಗಳ ನಡುವೆ ಹುಲ್ಲಿನ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು, ಎಡಗಾಲಿನದು ಮಾತ್ರ. ಯೊಶಿನೊ ನನ್ನ ಮಣಿಕಟ್ಟು ಹಿಡಿದಳು, ಅವಳ ಉಗುರಿನ ಗುರುತು ಈಗಲೂ ಇದೆ. “ಎಣಿಸ್ಬೇಡ ಕಣೇ” ಎಂದಳು. ಮುಸುಕಿನೊಳಗೆ ಯಾರೆಂದು ಕೇಳಬಾರದು ಎಂದು ನಮ್ಮನ್ನೆಲ್ಲ ಹೆದರಿಸಿ ಬೆಳೆಸಿದ್ದಾರಲ್ಲ. ಕೇಳಲಿಲ್ಲ ಅಕ್ಕಾ. ಆದರೆ ಕೂತಿರಲೂ ಆಗಲಿಲ್ಲ. ಎದ್ದು ಹೋಗಿ ಅವಳ ಹಿಂದೆ ಸುತ್ತಿಗೆ ಸೇರಿಕೊಂಡೆ. ಕರ್ಪೂರದ ಜೊತೆಗೆ ಅಮ್ಮನ ಬೆನ್ನಿಗೆ ನಾನೇ ಹಚ್ಚುತ್ತಿದ್ದ ಮುಲಾಮಿನ ವಾಸನೆ. ಕೈ ಮೇಲೆತ್ತಿ ತಿರುಗುವ ಕಡೆ ಅವಳು ತಿರುಗಲಿಲ್ಲ. ನಿಂತಲ್ಲಿಂದಲೇ ಕೇಳಿದಳು: “ಹಿಸಾ ಬಂದ್ಲಾ?”

ನಾನು ಉತ್ತರ ಕೊಟ್ಟೆ. ಡೋಲು ನಿಂತಿತು. ಐವರು ಮುಸುಕು ತೆಗೆದು ಬೆವರು ಒರೆಸಿಕೊಂಡರು. ಕ್ಷೌರದಂಗಡಿಯ ಮಿಸಾವೊ, “ಏನ್ ತೊಕಿ, ಹೇಳದೆ ಕೇಳದೆ ನುಗ್ಗಿಬಿಟ್ಯಲ್ಲ! ನನ್ನ ಹೆಜ್ಜೆನೇ ತಪ್ಪಿಸಿದೆ” ಎಂದು ನಕ್ಕಳು. ನಾನೂ ಯೊಶಿನೊಳೂ ಓಡಿಹೋಗಿ ನೋಡಿದೆವು. ಕಪಾಟಿಗೆ ಬೀಗ ಹಾಗೇ ಇತ್ತು, ಬೊಂಬೆ ಹಾಗೇ ನಿಂತಿತ್ತು. ಯೊಶಿನೊ ಬೀಗ ತೆಗೆದಳು. ನಿಲುವಂಗಿಯ ಬೆನ್ನು ಮುಟ್ಟಿದೆ. ಬೆವರಿನಿಂದ ತೊಯ್ದು ಇನ್ನೂ ಬೆಚ್ಚಗಿತ್ತು.

ಭಾವನಿಗೆ ನನ್ನ ನಮಸ್ಕಾರ ಹೇಳು. ಯೊಶಿನೊ ನಿನ್ನನ್ನು ವಿಚಾರಿಸಿದಳು. ಆರೋಗ್ಯ ನೋಡಿಕೋ.

ನಿನ್ನ ತಂಗಿ,
ತೊಕಿಕೊ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯಲೇಬೇಕು. ಅಮ್ಮ ಒಂದೇ ದಿನದಲ್ಲಿ ಹೋದಳೆಂದು ನಿನಗೆ ಹೇಳಿದ್ದು ಸುಳ್ಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ದಿನಾ ಬೆಳಿಗ್ಗೆ ಅದೇ ಪ್ರಶ್ನೆ ಕೇಳುತ್ತಿದ್ದಳು. ಏಳು ವರ್ಷ ಉಣಿಸಿ, ಮೈ ಒರೆಸಿದವಳು ನಾನು, ಕೇಳಿದ್ದು ನಿನ್ನನ್ನು. ಹೊಟ್ಟೆಯುರಿಗೆ ನಿನಗೆ ಫೋನ್ ಮಾಡಲಿಲ್ಲ. “ಹೊರಟಿದ್ದಾಳಮ್ಮಾ, ದಾರೀಲಿದ್ದಾಳೆ” ಎಂದು ಹನ್ನೊಂದು ದಿನವೂ ಹೇಳಿದೆ. ಬಂದು ಬಾಯಿಗೆ ಬಂದಂತೆ ಬೈ, ಬೇಕಾದರೆ ಎರಡೇಟು ಹೊಡಿ. ಬೀದಿಯಲ್ಲಿ ಕುಣಿತ ಶನಿವಾರ ಶುರು. ಹದಿನಾರಕ್ಕೆ ಬರ್ತಾಳೆ ಎಂದು ನಿನ್ನೆ ಅವಳಿಗೆ ಹೇಳಿಬಿಟ್ಟಿದ್ದೇನೆ.